ಹಬ್ಬದ ದಿನವೂ ಬರೀ ದಿನವೂ ಮನಸ್ಸಿಟ್ಟು ಬದುಕುವುದು ಹೇಗೆ: ಕಾಸರಗೋಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಹಬ್ಬಗಳಿಗೆ ಬರಗಾಲವಿಲ್ಲ. ಅಷ್ಟಮಿ, ಚೌತಿ, ನಡುವೆ ಓಣಂ ರಜೆ, ತೆನೆ ಕಟ್ಟುವುದು, ನವರಾತ್ರಿ, ದೀಪಾವಳಿ. ಅಷ್ಟರಲ್ಲಿ ದೈವಗಳ ಕೋಲ, ನೇಮ, ತೆಯ್ಯಂ, ಜೊತೆಗೆ ಯಕ್ಷಗಾನ, ಜಾತ್ರೆ ಶುರು. ಜೊತೆಗೆ ಮದುವೆ, ಉಪನಯನ, ಗೃಹಪ್ರವೇಶ. ಕೊನೆಗೆ ಬಿಸು, ಅಂದರೆ ನಮ್ಮ ಸೌರ ಯುಗಾದಿ. ಇಷ್ಟೆಲ್ಲ ಆದ ಮೇಲೆ "ಹಬ್ಬ ಹೇಗಾಯ್ತು?" ಎಂದು ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಮೊದಲು ಬರುವ ಉತ್ತರ: "ಅಂತೂ ಮುಗೀತು ಮಾರಾಯ್ರೆ."

ಕೆಲಸ ಜಾಸ್ತಿ ಇದ್ದದ್ದಕ್ಕೆ ಹೀಗಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಅಜ್ಜಿಯಂದಿರ ಕಾಲದಲ್ಲಿ ಮಿಕ್ಸಿ, ಗ್ರೈಂಡರ್, ಗ್ಯಾಸ್ ಯಾವುದೂ ಇರಲಿಲ್ಲ, ಕೆಲಸ ಇನ್ನೂ ಜಾಸ್ತಿ ಇತ್ತು. ನಮ್ಮನ್ನು ಹೆಚ್ಚು ಸುಸ್ತು ಮಾಡುವುದು ಕೈ ಒಂದು ಕಡೆ, ಮನಸ್ಸು "ನೋಡಿದವರು ಏನಂದುಕೊಳ್ತಾರೆ" ಎಂಬ ಕಡೆ ಇರುವ ಸ್ಥಿತಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಎರಡು ಕೆಲಸ ಜೊತೆಜೊತೆಯಾಗಿ ಸಾಗುತ್ತವೆ. ಯಾರ ಕಣ್ಣಿಗಾಗಿ ಏನು ಮಾಡುತ್ತಿದ್ದೇವೆ ಎಂದು ಮೊದಲೇ ತೀರ್ಮಾನಿಸುವುದು ಒಂದು. ಉಳಿಸಿಕೊಂಡದ್ದನ್ನು ಪೂರ್ತಿ ಮನಸ್ಸಿಟ್ಟು ಮಾಡುವುದು ಇನ್ನೊಂದು.

ಬೇಕಾದ ಸಾಮಾನು ಸ್ವಲ್ಪವೇ: ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು, ಮನೆಯವರೆಲ್ಲ ಒಟ್ಟಿಗೆ ಕೂರುವ ಒಂದು ಸಂಜೆ.

ಹಂತ 1: ಮಳೆಗಾಲದಲ್ಲೇ ವರ್ಷವನ್ನು ಗೋಡೆಗೆ ಏರಿಸಿ

ಹಬ್ಬದ ತಯಾರಿ ಹಬ್ಬದ ಹಿಂದಿನ ವಾರ ಶುರುವಾದರೆ ತಡವಾಯಿತು. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ ಕೂತುಕೊಳ್ಳಿ. ಹೊರಗೆ ಮಳೆ, ತೋಟಕ್ಕೆ ಇಳಿಯಲಾಗದ ದಿನಗಳು ಎಷ್ಟೋ ಇರುತ್ತವೆ.

ನಮ್ಮ ಹಳೆಯ ಲೆಕ್ಕಾಚಾರ ಎಷ್ಟು ಚೆನ್ನಾಗಿದೆ ನೋಡಿ. ತುಳುವಿನ ಬೇಷ ತಿಂಗಳ ಹತ್ತನೇ ದಿನ ಪತ್ತನಾಜೆ. ಸಾಮಾನ್ಯವಾಗಿ ಅದು ಮೇ 24 ಅಥವಾ 25ಕ್ಕೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ, ನೇಮ, ಜಾತ್ರೆಗಳು ನಿಲ್ಲುತ್ತವೆ. ಮತ್ತೆ ಶುರುವಾಗುವುದು ದೀಪಾವಳಿಯ ಹೊತ್ತಿಗೆ. ಚಂದ್ರಗಿರಿ ಹೊಳೆಯ ತೆಂಕು ಬದಿಗೆ ಹೋದರೂ ಹೀಗೆಯೇ. ಅಲ್ಲಿನ ತೆಯ್ಯಂ ತುಲಾ ತಿಂಗಳ ಹತ್ತಕ್ಕೆ, ಅಕ್ಟೋಬರ್ ಕೊನೆಯ ವಾರದಲ್ಲಿ ಶುರುವಾಗಿ ಮಳೆ ಹಿಡಿಯುವ ಮೊದಲು ಮುಗಿಯುತ್ತದೆ. ಅಂದರೆ ದೈವಗಳಿಗೇ ನಾಲ್ಕೈದು ತಿಂಗಳು ರಜೆ ಉಂಟು. ರಜೆ ಇಲ್ಲದ್ದು ನಮಗೆ ಮಾತ್ರ.

ಈಗ ಆ ಬಿಡುವನ್ನೂ ನಾವು ತುಂಬಿಸಿಬಿಟ್ಟಿದ್ದೇವೆ. ಆಟಿ ಅಂದರೆ ಅಕ್ಕಿ ಪೆಟ್ಟಿಗೆಯ ತಳ ಕಾಣುತ್ತಿದ್ದ ತಿಂಗಳು. ಚಗಟೆ ಸೊಪ್ಪು, ಕೆಸುವಿನ ಎಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ತಿಂದು ದಿನ ದೂಡುತ್ತಿದ್ದರು. ಈಗ ಅದೇ ತಿಂಗಳ ಹೆಸರಿನಲ್ಲಿ ಹಾಲ್ ಬುಕ್ ಮಾಡಿ, ಮೇಜಿನುದ್ದಕ್ಕೂ ಬಗೆಬಗೆಯ ಪದಾರ್ಥ ಜೋಡಿಸಿ, ಬಡತನದ ನೆನಪಿಗೆ ಹೊಟ್ಟೆ ಬಿರಿಯುವಷ್ಟು ಉಣ್ಣುತ್ತೇವೆ. ಇರಲಿ, ಪತ್ರೊಡೆ ರುಚಿಯಾಗಿಯೇ ಇರುತ್ತದೆ.

ಕ್ಯಾಲೆಂಡರಿನಲ್ಲಿ ಮೂರು ಬಗೆಯ ಗುರುತು ಹಾಕಿ. ನಮ್ಮ ಮನೆಯಲ್ಲೇ ಆಗಬೇಕಾದ್ದಕ್ಕೆ ಒಂದು ಸುತ್ತು. ನಾವು ಹೋಗಲೇಬೇಕಾದ್ದಕ್ಕೆ, ಅಂದರೆ ತರವಾಡಿನ (ಕುಟುಂಬದ ಮೂಲ ಮನೆಯ) ಕೋಲ ಅಥವಾ ಕುಟುಂಬದ ಹತ್ತಿರದವರ ಮದುವೆಯಂಥದ್ದಕ್ಕೆ ಒಂದು ಗೆರೆ. ಹೋದರೂ ಆಯ್ತು, ಹೋಗದಿದ್ದರೂ ಆಯ್ತು ಎನ್ನುವುದಕ್ಕೆ ಸಣ್ಣ ಚುಕ್ಕೆ. ಚುಕ್ಕೆ ಹಾಕಲಿಕ್ಕೆ ಧೈರ್ಯ ಬೇಕು. ಎಲ್ಲವೂ "ಹೋಗಲೇಬೇಕು" ಎಂದೇ ಕಾಣುತ್ತದೆ. ಆಗ ಒಂದು ಪ್ರಶ್ನೆ ಹಾಕಿಕೊಳ್ಳಿ: ನಾನು ಹೋಗದಿದ್ದರೆ ಆ ಮನೆಯವರಿಗೆ ಅಂದೇ ಗೊತ್ತಾಗುತ್ತದಾ? ಗೊತ್ತಾಗುವುದಾದರೆ ಗೆರೆ, ಇಲ್ಲದಿದ್ದರೆ ಚುಕ್ಕೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತಲೆಬಿಸಿ ಉಂಟು. ನಮ್ಮ ಮಕ್ಕಳಿಗೆ ಕೇರಳದ ರಜೆ: ಓಣಂಗೆ ಉದ್ದ, ನವರಾತ್ರಿಗೆ ಗಿಡ್ಡ. ಮಂಗಳೂರು, ಬೆಂಗಳೂರಿನ ನೆಂಟರ ಮಕ್ಕಳಿಗೆ ದಸರೆಗೆ ಉದ್ದ ರಜೆ, ಓಣಂಗೆ ಏನೂ ಇಲ್ಲ. ಅವರು ಬರುವಾಗ ನಮ್ಮ ಮಕ್ಕಳು ಶಾಲೆಗೆ ಹೊರಟಿರುತ್ತಾರೆ, ನಾವು ಹೋಗುವಾಗ ಅವರಿಗೆ ಪರೀಕ್ಷೆ. ಎಲ್ಲ ಹಬ್ಬಕ್ಕೂ ಎಲ್ಲರೂ ಸೇರುವ ಆಸೆ ಬಿಟ್ಟುಬಿಡಿ. ಎರಡೂ ಕಡೆಗೆ ರಜೆ ಕೂಡಿಬರುವ ಒಂದು ಹೊತ್ತನ್ನು ಮಳೆಗಾಲದಲ್ಲೇ ಗೊತ್ತು ಮಾಡಿ. ಏಪ್ರಿಲ್‌ನ ಬಿಸು ಹೆಚ್ಚಿನವರಿಗೆ ಹೊಂದುತ್ತದೆ.

ಹಂತ 2: ಪ್ರತಿ ಕೆಲಸಕ್ಕೂ "ಯಾರಿಗಾಗಿ?" ಎಂದು ಕೇಳಿ

ದೀಪಾವಳಿಯನ್ನೇ ತೆಗೆದುಕೊಳ್ಳೋಣ. ಮಾಡಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬಚ್ಚಲ ಹಂಡೆ ತಿಕ್ಕಿ ನೀರು ತುಂಬುವುದು, ಬೆಳಗ್ಗಿನ ಎಣ್ಣೆಸ್ನಾನ, ದೋಸೆ, ಬಲೀಂದ್ರನಿಗೆ ದೀಪ, ಗೋಪೂಜೆ. ಇದರ ಕೆಳಗೆ ಬಣ್ಣದ ಬಲ್ಬಿನ ಸರ, ಪೇಟೆಯ ಸಿಹಿಯ ಪೆಟ್ಟಿಗೆಗಳು, ಮನೆಮಂದಿಗೆಲ್ಲ ಒಂದೇ ಬಣ್ಣದ ಬಟ್ಟೆ, ಹೊಸ ಪರದೆ, ಗುಂಪುಗಳಿಗೆಲ್ಲ ಕಳಿಸುವ ಶುಭಾಶಯದ ಚಿತ್ರ.

ಪ್ರತಿಯೊಂದರ ಎದುರು ಯಾರಿಗಾಗಿ ಎಂದು ಬರೆಯಿರಿ. ದೇವರಿಗೆ, ಮನೆಯವರಿಗೆ, ಬಂದವರಿಗೆ, ನೋಡುವವರಿಗೆ. ಕೊನೆಯ ಎರಡು ಒಂದೇ ಎಂದು ಕಾಣಬಹುದು. ಅಲ್ಲವೇ ಅಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ಬೆಲ್ಲ ನೀರು ಕೊಡುವುದು ಬಂದವರಿಗಾಗಿ. ಅದೇ ಬೆಲ್ಲ ನೀರಿಗೆ ಹೊಸ ಹಿತ್ತಾಳೆ ತಟ್ಟೆ ತಂದು, ತಟ್ಟೆಯ ಫೋಟೋ ಹಾಕಿ, ಎಷ್ಟು ಮಂದಿ ನೋಡಿದರು ಎಂದು ಮತ್ತೆ ಮತ್ತೆ ಮೊಬೈಲ್ ತೆರೆಯುವುದು ನೋಡುವವರಿಗಾಗಿ.

"ನೋಡುವವರಿಗೆ" ಎಂಬ ಸಾಲಿನಲ್ಲಿ ಇರುವುದನ್ನು ಈ ವರ್ಷ ಅರ್ಧಕ್ಕೆ ಇಳಿಸಿ. ಪೂರ್ತಿ ಬಿಡಲು ಹೋಗಬೇಡಿ, ಮನೆಯಲ್ಲಿ ಜಗಳವಾಗುತ್ತದೆ. ಬಲ್ಬಿನ ಸರ ಮಕ್ಕಳಿಗೆ ಇಷ್ಟವಾದರೆ ಅದು "ಮನೆಯವರಿಗೆ" ಆಯಿತು, ಇಟ್ಟುಕೊಳ್ಳಿ.

ಹಣದ ಮಾತನ್ನೂ ಅದೇ ಸಂಜೆ ಆಡಿ. ಅಡಿಕೆ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣದ ಖರ್ಚಿನ ಮೇಲೆ ಮರ ಹತ್ತುವವರ ಕೂಲಿ. ಹೊಸ ಅಡಿಕೆ ಕೊಯ್ದು, ಅಂಗಳದಲ್ಲಿ ಒಣಗಿಸಿ, ಸುಲಿದು ಮಾರಾಟಕ್ಕೆ ಹೋಗುವುದು ಎಷ್ಟೋ ತಿಂಗಳ ಮೇಲೆ. ಕೈ ಖಾಲಿಯಾದ ಈ ಹೊತ್ತಿಗೆ ಸರಿಯಾಗಿ ಚೌತಿ, ಓಣಂ, ನವರಾತ್ರಿ ಸಾಲಾಗಿ ಬರುತ್ತವೆ. ಹಾಗಾಗಿ ಹಬ್ಬಕ್ಕೆ ಎಷ್ಟು ಎಂಬ ಮೊತ್ತವನ್ನು ಹಬ್ಬದ ಪಟ್ಟಿ ಮಾಡುವ ಮೊದಲು ಬರೆಯಿರಿ. ಪಟ್ಟಿ ಮೊದಲು ಬರೆದರೆ ಮೊತ್ತ ತಾನಾಗಿ ಏರುತ್ತದೆ. ಕೊಳೆ ಬಂದು ಬೆಳೆ ಹೋಗಿದ್ದರೆ ಮಕ್ಕಳಿಗೂ ಅದನ್ನು ನೇರವಾಗಿ ಹೇಳಿ. "ಈ ಸಲ ಸಣ್ಣ ಹಬ್ಬ, ಯಾಕೆಂದರೆ ಅಡಿಕೆ ಉದುರಿದೆ." ಮಕ್ಕಳಿಗೆ ಅರ್ಥವಾಗುತ್ತದೆ. ಚಿನ್ನ ಅಡವಿಟ್ಟು ಮಾಡಿದ ಹೋಳಿಗೆ ಯಾರಿಗೂ ಮೈಗೆ ಹತ್ತುವುದಿಲ್ಲ.

ಇನ್ನು, ಕೆಲಸ ಯಾರದ್ದು? ನಾಲ್ಕು ಗಂಟೆಗೆ ಎದ್ದು ಬೆಂಕಿಯ ಎದುರು ನಿಂತವರಿಗೆ "ಈ ಕ್ಷಣದಲ್ಲಿ ಇರು" ಎಂದು ಜಗಲಿಯ ಕುರ್ಚಿಯಿಂದ ಹೇಳುವುದು ತಮಾಷೆಯಾಗುತ್ತದೆ. ಮನಸ್ಸಿಟ್ಟು ಹಬ್ಬ ಮಾಡುವ ಭಾಗ್ಯ ಮನೆಯ ಗಂಡಸರಿಗೆ ಮಾತ್ರ ಸಿಗುತ್ತದೆ ಎಂದಾದರೆ ಈ ಮಾರ್ಗದರ್ಶಿ ದಂಡ. ಗಂಡಸರು "ಏನಾದರೂ ಸಹಾಯ ಬೇಕಾ?" ಎಂದು ಕೇಳುವುದನ್ನು ನಿಲ್ಲಿಸಿ, ಒಂದು ಕೆಲಸವನ್ನು ತಲೆಯಿಂದ ಬುಡದವರೆಗೆ ತೆಗೆದುಕೊಳ್ಳಿ. ಎಲೆಯಲ್ಲಿ ಬೇಯಿಸುವ ಕೊಟ್ಟಿಗೆ ಕಡುಬು ಮಾಡುವುದಾದರೆ ಹಲಸಿನ ಎಲೆ ಕೊಯ್ದು, ಒರೆಸಿ, ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುವುದು ಪೂರ್ತಿ ನಿಮ್ಮದು. ಹಿಂದಿನ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಮಾಡಬಹುದು. ಎಲೆ ಎಷ್ಟು ಬೇಕು, ಕಡ್ಡಿ ಎಲ್ಲಿ ಎಂದು ಅಡುಗೆಮನೆಗೆ ಹೋಗಿ ಹತ್ತು ಸಲ ಕೇಳುವುದಾದರೆ ಕೆಲಸ ತೆಗೆದುಕೊಂಡ ಹಾಗಾಗಲಿಲ್ಲ.

ಹಂತ 3: ಬರೀ ದಿನಗಳಲ್ಲಿ ಅಭ್ಯಾಸ

ಇದಕ್ಕೆ ಹೆಚ್ಚು ಹೊತ್ತು ಕೊಡಿ. ವರ್ಷವಿಡೀ ಓಡಾಡಿದ ಮನಸ್ಸು ಹಬ್ಬದ ಬೆಳಗ್ಗೆ ಒಮ್ಮೆಲೇ ಕೂರುವುದಿಲ್ಲ. ಚೆಂಡೆ ಕಲಿಯದವರು ರಂಗಸ್ಥಳದಲ್ಲಿ ಬಾರಿಸಲು ಕೂತ ಹಾಗಾಗುತ್ತದೆ.

ಮನಸ್ಸನ್ನು ಈಗಿನ ಕೆಲಸಕ್ಕೆ ತಂದು ನಿಲ್ಲಿಸುವ ಅಭ್ಯಾಸ ಬುದ್ಧನ ಕಾಲದಿಂದ ಇದೆ. ಇದಕ್ಕೆ ಆಸ್ಪತ್ರೆಯ ಬಾಗಿಲು ತೆರೆಸಿದವರು ಜಾನ್ ಕಬಟ್‌ಜಿನ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ವಾಸಿಯಾಗದ ನೋವಿನ ರೋಗಿಗಳಿಗಾಗಿ ಹಲವು ವಾರಗಳ ತರಬೇತಿಯನ್ನು ಅವರು ಶುರುಮಾಡಿದರು. ಅದರ ಮೊದಲ ಪಾಠಗಳಲ್ಲಿ ಒಂದು, ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನಕ್ಕೆ ತಿನ್ನುವುದು. ನಮ್ಮಲ್ಲಿ ಒಣದ್ರಾಕ್ಷಿಗೆ ಅಂಗಡಿಗೆ ಹೋಗಬೇಕಾಗಿಲ್ಲ, ಬೆಲ್ಲ ಉಂಟು.

1. ಒಂದು ಸಣ್ಣ ತುಂಡು ಬೆಲ್ಲ ಅಂಗೈಯಲ್ಲಿ ಇಟ್ಟುಕೊಳ್ಳಿ. ಬಣ್ಣ ನೋಡಿ. ಒಡೆದ ಬದಿಯಲ್ಲಿ ಕಾಳುಕಾಳಾಗಿ ಇರುವುದನ್ನು ಬೆರಳಿನಿಂದ ಮುಟ್ಟಿ.
2. ಮೂಗಿನ ಹತ್ತಿರ ತನ್ನಿ. ಬಾಯಿಯಲ್ಲಿ ನೀರು ಬಂದರೆ ಅದನ್ನೂ ಗಮನಿಸಿ.
3. ನಾಲಗೆಯ ಮೇಲೆ ಇಡಿ, ಕಡಿಯಬೇಡಿ. ಕರಗುವವರೆಗೆ ಕಾಯಿರಿ. ಸಿಹಿಯ ಹಿಂದೆ ಸ್ವಲ್ಪ ಉಪ್ಪು, ಸ್ವಲ್ಪ ಹೊಗೆ ಸಿಗಬಹುದು.
4. ನಡುವೆ "ಗ್ಯಾಸ್ ಬುಕ್ ಮಾಡಿಲ್ಲ" ಎಂದು ನೆನಪಾಗುತ್ತದೆ. ಆಗಲಿ. ಮನಸ್ಸು ಹೋದದ್ದು ಗೊತ್ತಾಯಿತಲ್ಲ, ಅದೇ ಅಭ್ಯಾಸ. ಮತ್ತೆ ಬೆಲ್ಲಕ್ಕೆ ಬನ್ನಿ.

ಸಕ್ಕರೆ ಕಾಯಿಲೆ ಇದ್ದವರು ಒಂದು ನೆಲ್ಲಿಕಾಯಿ ಹೋಳಿನಲ್ಲಿ ಮಾಡಿ. ಇನ್ನೂ ಚುರುಕಾಗಿ ಕೆಲಸ ಮಾಡುತ್ತದೆ!

ಎರಡನೆಯದು ಉಸಿರು. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಡುವಾಗ ಸ್ವಲ್ಪ ಇಳಿಯುತ್ತದೆ. ಮೆದುಳಿನಿಂದ ಹೃದಯ, ಹೊಟ್ಟೆಯವರೆಗೆ ಹೋಗುವ ವೇಗಸ್ ಎಂಬ ನರದ ಕೆಲಸ ಇದು. ಹಾಗಾಗಿ ಬಿಡುವ ಉಸಿರನ್ನು ಎಳೆದುಕೊಂಡದ್ದಕ್ಕಿಂತ ಉದ್ದ ಮಾಡಿದರೆ ಮೈ ತಾನಾಗಿ ತಣಿಯುತ್ತದೆ. ಲೆಕ್ಕ ಬೇಕಿದ್ದರೆ ನಾಲ್ಕು ಎಣಿಸಿ ಎಳೆದುಕೊಳ್ಳಿ, ಆರು ಎಣಿಸಿ ಬಿಡಿ. ನಾಲ್ಕೈದು ಸಲ ಸಾಕು. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ನೆಂಟರ ನಡುವೆ ಇದು ದೊಡ್ಡ ಅನುಕೂಲ.

ಇದಕ್ಕೆಲ್ಲ ಹೊತ್ತು ಎಲ್ಲಿಂದ ಎಂದು ಕೇಳುತ್ತೀರಿ. ಹೊಸ ಹೊತ್ತು ಹುಡುಕಬೇಡಿ, ದಿನಾ ಇರುವ ಕೆಲಸಕ್ಕೇ ಕಟ್ಟಿ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಜರ್ 1990ರ ದಶಕದಿಂದ ಇದರ ಬಗ್ಗೆಯೇ ಕೆಲಸ ಮಾಡಿದವರು. "ಇನ್ನು ಮೇಲೆ ಗಮನ ಕೊಡ್ತೇನೆ" ಎಂಬ ಸಂಕಲ್ಪಕ್ಕಿಂತ "ಇಂಥದ್ದು ಆದ ಕೂಡಲೇ ಇಂಥದ್ದು ಮಾಡ್ತೇನೆ" ಎಂಬ ನಿರ್ಧಾರ ಹೆಚ್ಚು ಸಲ ಕೈಗೂಡುತ್ತದೆ ಎಂದು ಅವರ ಅಧ್ಯಯನಗಳು ತೋರಿಸಿದವು. ಜಾಗ, ಹೊತ್ತು, ಕೆಲಸ ಮೂರೂ ಮೊದಲೇ ನಿಗದಿಯಾದರೆ ಆಗ ಕೂತು ಯೋಚಿಸಬೇಕಾಗಿಲ್ಲ.

ನಮ್ಮ ಮನೆಗಳಲ್ಲಿ ಹೀಗೆ ಕಟ್ಟಬಹುದು. ಬಚ್ಚಲೊಲೆಗೆ ಬೆಂಕಿ ಹಾಕಿದ ಕೂಡಲೇ, ಮಡಲು ಹತ್ತಿಕೊಳ್ಳುವವರೆಗೆ ಬೆಂಕಿಯನ್ನೇ ನೋಡುವುದು. ಅಕ್ಕಿ ತೊಳೆಯುವಾಗ ಮೂರನೆಯ ನೀರು ತಿಳಿಯಾಗುವವರೆಗೆ ಬೇರೆ ಮಾತಿಲ್ಲ. ಅಡಿಕೆ ಹೆಕ್ಕಲು ತೋಟಕ್ಕೆ ಇಳಿದ ಕೂಡಲೇ ಮೊದಲ ಸಾಲು ಮುಗಿಯುವವರೆಗೆ ಕಿವಿಗೆ ಇಯರ್‌ಫೋನ್ ಇಲ್ಲ. ಮನೆಗೆ ಸುರಂಗದ ನೀರು ಬರುವವರು ಒಮ್ಮೆ ಅದರ ಬಾಯಿಯ ಹತ್ತಿರ ಹೋಗಿ ನಿಲ್ಲಿ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಪಂಪು ಕರೆಂಟು ಇಲ್ಲದೆ ನೀರು ಹರಿಸಿಕೊಂಡವರು ನಮ್ಮ ಹಿರಿಯರು. ದಿನಾ ಕುಡಿಯುವ ನೀರಿನ ಸದ್ದು ನಾವು ಕೊನೆಗೆ ಕೇಳಿದ್ದು ಯಾವಾಗ?

ಸಂಜೆ ದೇವರ ದೀಪ ಹಚ್ಚಿದ ಕೂಡಲೇ ಎಲ್ಲರ ಮೊಬೈಲ್ ಒಂದೇ ಕಪಾಟಿನ ಮೇಲೆ, ಅರ್ಧ ಗಂಟೆ. ಮಕ್ಕಳಿಗೆ ಹೇಳುವ ಮೊದಲು ದೊಡ್ಡವರು ಇಡಬೇಕು.

ಮಂಗಳೂರಿಗೆ ಕೆಲಸಕ್ಕೆ, ಕಾಲೇಜಿಗೆ ಹೋಗಿ ಬರುವವರಿಗೆ ರೈಲೇ ಅಭ್ಯಾಸದ ಜಾಗ. ಮಂಗಳೂರಿನಿಂದ ಕಾಸರಗೋಡಿಗೆ ಬರುವಾಗ ನೇತ್ರಾವತಿ, ಉಪ್ಪಳ, ಶಿರಿಯ, ಮೊಗ್ರಾಲ್ ಹೊಳೆಗಳು ಒಂದಾದ ಮೇಲೊಂದು ಬರುತ್ತವೆ. ಸೇತುವೆಯ ಸದ್ದು ಕೇಳಿದ ಕೂಡಲೇ ತಲೆ ಎತ್ತಿ, ಸೇತುವೆ ಮುಗಿಯುವವರೆಗೆ ನೀರು ನೋಡಿ. ಅಷ್ಟೇ. ಬಸ್ಸಿನವರು ತಲಪಾಡಿ ದಾಟಿದ ಮೇಲೆ ಹೊಸಂಗಡಿವರೆಗೆ ಮೊಬೈಲ್ ಚೀಲದಲ್ಲಿ ಇಡಿ. ನಿಂತುಕೊಂಡು ಹೋಗುವವರಿಗೆ ಅದು ಹೇಗೂ ಕಡ್ಡಾಯ.

ಒಂದು ಎಚ್ಚರಿಕೆ. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಹಳೆಯ ಭಯ, ಆಘಾತ ಮೇಲೆ ಬರುತ್ತದೆ. ಅಂಥವರು ಕಣ್ಣು ತೆರೆದೇ ಮಾಡಲಿ, ಅಥವಾ ಬಿಡಲಿ. ವಾರಗಟ್ಟಲೆ ನಿದ್ದೆ, ಊಟ, ಆಸಕ್ತಿ ಕಳೆದುಕೊಂಡವರಿಗೆ ಬೆಲ್ಲ, ಉಸಿರು ಮದ್ದಲ್ಲ, ಡಾಕ್ಟರು ಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕೇರಳದ ದಿಶಾ 1056. ಎರಡಕ್ಕೂ ದುಡ್ಡಿಲ್ಲ.

ಹಂತ 4: ಇಲ್ಲ ಎನ್ನುವುದನ್ನು ಬಾಯಿಪಾಠ ಮಾಡಿ

ನಮ್ಮ ಕಡೆ "ಇಲ್ಲ" ಎಂಬ ಮಾತೇ ಇಲ್ಲ. "ನೋಡುವ", "ಬರಲಿಕ್ಕೆ ಪ್ರಯತ್ನ ಮಾಡ್ತೇನೆ", "ಆ ದಿನ ಎಂತ ಉಂಟು ಅಂತ ನೋಡ್ಬೇಕು". ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು. ಆದರೂ ಅಲ್ಲಿ ಎಲೆ ಹಾಕಿ ಕಾಯುತ್ತಾರೆ, ಇಲ್ಲಿ ಇವರು ಮನೆಯಲ್ಲಿ ಕೂತು ಬೇಜಾರು ಮಾಡಿಕೊಳ್ಳುತ್ತಾರೆ. ಇದಕ್ಕಿಂತ ಸ್ಪಷ್ಟವಾಗಿ, ಮೆತ್ತಗೆ ಹೇಳುವುದು ಮರ್ಯಾದೆ.

ಹೇಳುವ ಕ್ರಮ ಹೀಗೆ: ಮೊದಲು ಕರೆದದ್ದಕ್ಕೆ ಸಂತೋಷ, ಆಮೇಲೆ ಆಗುವುದು ಎಷ್ಟು, ಕೊನೆಗೆ ಆಗದ್ದು ಏನು. ಸುಳ್ಳು ಕಾರಣ ಬೇಡ. ಸುಳ್ಳು ಹೇಳಿದರೆ ಅದನ್ನು ಮುಂದಿನ ಮದುವೆಯವರೆಗೂ ನೆನಪಿಟ್ಟುಕೊಳ್ಳಬೇಕು.

"ದೊಡ್ಡಮ್ಮ, ನೀವೇ ಫೋನ್ ಮಾಡಿ ಕರೆದದ್ದು ಖುಷಿಯಾಯ್ತು. ಮಂಗಳಾರತಿಯ ಹೊತ್ತಿಗೆ ಬರ್ತೇನೆ, ಊಟ ಮಾಡಿಯೇ ಹೋಗ್ತೇನೆ. ರಾತ್ರಿ ನಿಲ್ಲಲಿಕ್ಕೆ ಆಗುವುದಿಲ್ಲ."

"ಭಾವ, ಈ ವರ್ಷ ಉಡುಗೊರೆ ಬೇಡ ಅಂತ ನಾವು ಮನೆಯಲ್ಲಿ ಮಾತಾಡಿಕೊಂಡಿದ್ದೇವೆ. ನೀವೂ ತರಬೇಡಿ. ಮಕ್ಕಳನ್ನು ಕರ್ಕೊಂಡು ಬನ್ನಿ, ಬೇಕಲ ಕೋಟೆಗೆ ಹೋಗುವ."

"ಅತ್ತೆ, ನಾನು ಎರಡು ಪದಾರ್ಥ ಮಾಡ್ತೇನೆ, ಚೆನ್ನಾಗಿ ಮಾಡ್ತೇನೆ. ಆರು ಮಾಡ್ಲಿಕ್ಕೆ ನನ್ನಿಂದಾಗದು." ಇದು ಎಲ್ಲಕ್ಕಿಂತ ಕಷ್ಟದ ವಾಕ್ಯ. ಹಬ್ಬದ ದಿನ ಹೇಳಬೇಡಿ, ವಾರದ ಮೊದಲು ಹೇಳಿ. ಗಂಡನೂ ಅಲ್ಲೇ ಇರಲಿ, ಬಾಯಿ ತೆರೆಯಲಿ.

ಆಮೇಲೆ ಪ್ರಶ್ನೆಗಳು. "ಮದುವೆ ಯಾವಾಗ?" "ಮಗನಿಗೆ ಕೆಲಸ ಆಯ್ತಾ?" "ವಿಶೇಷ ಎಂತ ಇಲ್ವಾ?" ಇವಕ್ಕೆ ನಾವು ಹಲ್ಲು ಕಚ್ಚಿ ನಗುತ್ತೇವೆ. ಆ ನಗುವಿಗೂ ಬೆಲೆ ಉಂಟು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಳಗಿನ ಭಾವನೆ ಮುಖದಲ್ಲಿ ಕಾಣದಂತೆ ತಡೆಹಿಡಿದವರಿಗೆ ಆ ಹೊತ್ತಿನಲ್ಲಿ ನಡೆದದ್ದು ಕಡಿಮೆ ನೆನಪಿತ್ತು. ಮುಖ ಕಾಯುವುದರಲ್ಲೇ ಗಮನ ಖರ್ಚಾಗಿರುತ್ತದೆ. ಎದುರಿನ ಸಂಗತಿಯನ್ನೇ ಬೇರೆ ಬಗೆಯಲ್ಲಿ ನೋಡಿಕೊಂಡವರಿಗೆ ಆ ನಷ್ಟ ಆಗಲಿಲ್ಲ. ದಿನವಿಡೀ ನಗುಮುಖ ಹೊತ್ತವರಿಗೆ ಹಬ್ಬ ನೆನಪೇ ಉಳಿಯದಿದ್ದರೆ ಆಶ್ಚರ್ಯವೇನೂ ಇಲ್ಲ.

ಹಾಗೆಂದು ದೊಡ್ಡಮ್ಮನಿಗೆ ಎದುರುತ್ತರ ಕೊಡಬೇಕೆಂದಿಲ್ಲ. ಹೊರಡುವ ಮೊದಲೇ ಯೋಚಿಸಿ: ಅವರಿಗೆ ನಮ್ಮ ಬಗ್ಗೆ ಗೊತ್ತಿರುವುದು ಕಡಿಮೆ, ಕೇಳಲಿಕ್ಕೆ ಬೇರೆ ಮಾತು ಸಿಗುವುದಿಲ್ಲ. ಅವರಿಗೆ ನೀವೇ ಮಾತು ಕೊಡಿ. "ದೊಡ್ಡಮ್ಮ, ನೀವು ಮಾಡುವ ಸಾಂತಾಣಿ ಗಟ್ಟಿ ಆಗುವುದಿಲ್ಲ, ನಮ್ಮದು ಕಲ್ಲಾಗ್ತದೆ. ಯಾಕೆ?" (ಸಾಂತಾಣಿ ಅಂದರೆ ಬೇಯಿಸಿ ಒಣಗಿಸಿದ ಹಲಸಿನ ಬೀಜ.) ಅರ್ಧ ಗಂಟೆ ನಿಮಗೆ ಮದುವೆಯ ಸುದ್ದಿ ಬರುವುದಿಲ್ಲ, ಮೇಲಿಂದ ಸಾಂತಾಣಿಯ ಗುಟ್ಟೂ ಸಿಗುತ್ತದೆ. ಮನಸ್ಸಿಗೆ ನಿಜವಾಗಿ ನೋವಾದರೆ ಮಾತ್ರ "ಅದರ ಬಗ್ಗೆ ಮಾತಾಡುವುದು ಬೇಡ ದೊಡ್ಡಮ್ಮ" ಎಂದು ಒಂದೇ ಸಲ ಹೇಳಿ, ನೀರು ಕುಡಿಯಲು ಎದ್ದು ಹೋಗಿ.

ಹಂತ 5: ನಮ್ಮ ಭಾಷೆಯಲ್ಲೇ ನಾವಿರುವುದು

ನಾವು ನಾವಾಗಿರುವುದು ಎಂಬ ಪ್ರಶ್ನೆ ಕಾಸರಗೋಡಿನವರಿಗೆ ಬಾಯಿ ತೆರೆದ ಕೂಡಲೇ ಎದುರಾಗುತ್ತದೆ. ಮನೆಯಲ್ಲಿ ಕನ್ನಡ ಅಥವಾ ಹವ್ಯಕ, ತೋಟದಲ್ಲಿ ತುಳು, ಆಫೀಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಬೆಂಗಳೂರಿನ ನೆಂಟರು ಬಂದಾಗ "ನಿಮ್ಮದು ಪುಸ್ತಕದ ಕನ್ನಡ" ಎಂದು ನಗುತ್ತಾರೆ. ಇಲ್ಲಿನ ಕಚೇರಿಯಲ್ಲಿ ನಮ್ಮ ಮಲಯಾಳ ಕೇಳಿ ನಗುತ್ತಾರೆ. ಎರಡೂ ಕಡೆ ಸಮ ಮಾಡಲು ಹೋಗಿ ಮಾತನ್ನೇ ಬದಲಿಸಿಕೊಳ್ಳುವವರಿದ್ದಾರೆ. ಬೇಡ. "ಎಂತ", "ಉಂಟು" ಎಂದೇ ಮಾತಾಡಿ. ಮಂಜೇಶ್ವರದ ಗೋವಿಂದ ಪೈಗಳು ಹತ್ತಾರು ಭಾಷೆ ಬಲ್ಲವರಾಗಿದ್ದರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಪದವಿ ಕೊಟ್ಟಿತು. ಹಲವು ಭಾಷೆಗಳ ನಡುವೆ ನಿಂತು ಕನ್ನಡ ಬರೆಯಲು ಅವರು ಯಾರ ಅಪ್ಪಣೆಯನ್ನೂ ಕಾಯಲಿಲ್ಲ.

ನವೆಂಬರ್ 1 ನಮಗೆ ವಿಚಿತ್ರ ದಿನ. 1956ರ ಅದೇ ದಿನ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಹಾಗಾಗಿ ಒಂದೇ ದಿನ ಒಂದು ಗುಂಪಿನಲ್ಲಿ ರಾಜ್ಯೋತ್ಸವದ ಶುಭಾಶಯ, ಇನ್ನೊಂದರಲ್ಲಿ ಕೇರಳ ಪಿರವಿಯ, ಅಂದರೆ ಕೇರಳ ಹುಟ್ಟಿದ ದಿನದ ಶುಭಾಶಯ. ಕೆಲವು ಹಿರಿಯರಿಗೆ ಅದು ಬೇಸರದ ದಿನ. ನಿಮಗೆ ಅಂದು ಏನನ್ನಿಸುತ್ತದೋ ಅದಕ್ಕೆ ಜಾಗ ಕೊಡಿ. ಎಲ್ಲರೂ ಹಾಕಿದ್ದಾರೆಂದು ಯಾವ ಬಾವುಟವನ್ನೂ ಸ್ಟೇಟಸ್‌ಗೆ ಹಾಕಬೇಕಾಗಿಲ್ಲ. ಏನೂ ಅನ್ನಿಸದಿದ್ದರೆ ಅದೂ ನಿಜವೇ.

ಓಣಂ ಹೂವಿನ ರಂಗೋಲಿ ಹಾಕಬಹುದಾ ಎಂಬ ಚರ್ಚೆ ಪ್ರತಿ ವರ್ಷ ಬರುತ್ತದೆ. ಮಕ್ಕಳಿಗೆ ಹೂ ಕೊಯ್ಯುವುದು ಇಷ್ಟವಾದರೆ ಸುಮ್ನೆ ಹಾಕಿ. ಓಣಂಗೆ ಬರುವ ಮಾಬಲಿಯೂ ದೀಪಾವಳಿಗೆ ನಾವು ಕರೆಯುವ ಬಲೀಂದ್ರನೂ ಒಬ್ಬನೇ ಅಲ್ವಾ?

ಹಂತ 6: ಹಬ್ಬದ ದಿನ

ಮೊದಲು ಮೊಬೈಲ್. ಫೋಟೋ ಬೇಡವೆಂದು ನಾನು ಹೇಳುವುದಿಲ್ಲ, ಅಜ್ಜನ ಒಂದು ಒಳ್ಳೆಯ ಫೋಟೋ ಇಲ್ಲದ ಮನೆಗಳು ಬೇಕಾದಷ್ಟಿವೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಒಂದು ಮ್ಯೂಸಿಯಂ ಸುತ್ತಿದರು. ಸುಮ್ಮನೆ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ಅವರಿಗೆ ಕಡಿಮೆ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದು ತೆಗೆದಾಗ ನೆನಪು ಹಾಳಾಗಲಿಲ್ಲ. ಇದರಿಂದ ನಮಗೆ ಎರಡು ನಿಯಮ. ಫೋಟೋ ತೆಗೆಯುವ ಕೆಲಸ ಮನೆಯಲ್ಲಿ ಒಬ್ಬರಿಗೆ ಮಾತ್ರ ಕೊಡಿ. ಅವರು ಇಡೀ ಹಾಲ್ ತೆಗೆಯುವುದರ ಬದಲು ಅಜ್ಜಿಯ ಕೈ, ಹೂ ಕಟ್ಟುವ ಬೆರಳು, ಹಂಡೆಯ ಕಪ್ಪು ಎಂದು ಹತ್ತಿರದಿಂದ ನೋಡಿ ತೆಗೆಯಲಿ.

ಕೋಲದಲ್ಲಿ, ತೆಯ್ಯಂನಲ್ಲಿ ಮೊಬೈಲ್ ಒಳಗೇ ಇರಲಿ. ಸೂಟೆಯ (ತೆಂಗಿನ ಗರಿಯ ಪಂಜಿನ) ಬೆಳಕಿನಲ್ಲಿ ನಡೆಯುವುದಕ್ಕೆ ನಾವು ಟಾರ್ಚ್ ಹಾಕುವುದು ಚೆನ್ನಾಗಿ ಕಾಣುವುದಿಲ್ಲ. ದೈವ ಕುಟುಂಬದವರನ್ನು ಕರೆದು ನುಡಿ ಕೊಡುವಾಗ ಆ ಕುಟುಂಬದವರೇ ಸ್ಕ್ರೀನ್‌ನಲ್ಲಿ ನೋಡುತ್ತಾ ನಿಂತಿರುತ್ತಾರೆ. ಎಣ್ಣೆಯ ವಾಸನೆ, ತೆಂಗಿನ ಗರಿಯ ಸದ್ದು, ಕಾಲಡಿಯ ತಣ್ಣಗಿನ ಮಣ್ಣು ಯಾವ ವಿಡಿಯೋದಲ್ಲೂ ಬರುವುದಿಲ್ಲ.

ಯಕ್ಷಗಾನಕ್ಕೆ ಹೋದರೆ ಒಂದು ಪ್ರಸಂಗವನ್ನು ಪೂರ್ತಿ ನೋಡಿ. ಮೂರು ಕಡೆ ಮುಖ ತೋರಿಸಿ ಬರುವುದಕ್ಕಿಂತ ಇದು ಮೇಲು.

ಊಟದಲ್ಲಿ ಒತ್ತಾಯ ಬೇಡ. "ಇನ್ನೊಂದು ಹೋಳಿಗೆ" ಎಂದು ಒಮ್ಮೆ ಕೇಳಿ, ಬೇಡ ಎಂದರೆ ಮುಂದಿನ ಎಲೆಗೆ ಹೋಗಿ. ಉಣ್ಣುವವರು ಮೊದಲ ತುತ್ತನ್ನು ಬೆಲ್ಲದ ಪಾಠದ ಹಾಗೆ ಉಣ್ಣಿ. ಹೋಳಿಗೆಗೆ ಕಾಯಿಹಾಲು ಹಾಕಿಕೊಂಡ ಮೇಲೆ ಮಾತು ನಿಲ್ಲಿಸುವುದು ಕಷ್ಟವೇನಲ್ಲ.

ಹಂತ 7: ಇಲ್ಲದವರಿಗೆ ಜಾಗ ಕೊಡಿ

ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡುವುದಿಲ್ಲ ಎಂಬ ಪದ್ಧತಿಯನ್ನು ಈಗಿನವರು ಮೂಢನಂಬಿಕೆ ಎನ್ನುತ್ತಾರೆ. ನನಗೆ ಅದರಲ್ಲಿ ಒಂದು ಕರುಣೆ ಕಾಣುತ್ತದೆ. ಆ ವರ್ಷ ಯಾರೂ ನಿಮ್ಮಿಂದ ನಗು ಕೇಳುವುದಿಲ್ಲ. ಆ ಪದ್ಧತಿ ಬಿಟ್ಟವರೂ ಆ ರಿಯಾಯಿತಿಯನ್ನು ಇಟ್ಟುಕೊಳ್ಳಬಹುದು: ಅವರಿಗೆ ಇಷ್ಟವಿದ್ದ ಒಂದು ಪದಾರ್ಥ ಮಾಡಿ, ಹೆಸರು ಹೇಳಿ, ಅಳು ಬಂದರೆ ಅತ್ತು, ಸಂಜೆಗೆ ಬೇಗ ಬಾಗಿಲು ಹಾಕಿ.

ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಇರುವ ಮಕ್ಕಳು ಹಬ್ಬದ ದಿನ ಎಲ್ಲರ ಮುಖ ತೋರಿಸುವ ವಿಡಿಯೋ ಕಾಲ್ ಮಾಡುತ್ತಾರೆ. ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ಯಾರಿಗೂ ಏನೂ ಕೇಳುವುದಿಲ್ಲ. ಅದರ ಬದಲು ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನಿಗೆ ಹಬ್ಬದ ಮಾರನೇ ದಿನ ಫೋನ್ ಮಾಡಿ. ಹಬ್ಬದ ದಿನ ಹೇಗೂ ನಾಲ್ಕು ಜನ ಮಾತಾಡಿಸುತ್ತಾರೆ, ಮಾರನೇ ದಿನ ಯಾರೂ ಇಲ್ಲ.

ಎಲ್ಲಿ ಸಿಕ್ಕಿಕೊಳ್ಳುತ್ತದೆ

ಮನೆಯವರು ಒಪ್ಪದಿದ್ದರೆ ಎಲ್ಲರನ್ನೂ ಬದಲಿಸಲು ಹೋಗಬೇಡಿ. ನಿಮ್ಮ ಕೈಯಲ್ಲಿರುವ ಒಂದೇ ಕೆಲಸ ಹಿಡಿಯಿರಿ. ಪಟ್ಟಿ ಇಳಿಸಲು ಬಿಡದಿದ್ದರೂ ಮೊದಲ ತುತ್ತು ನಿಮ್ಮದೇ.

ಹದಿಹರೆಯದ ಮಕ್ಕಳು ಮೊಬೈಲ್ ಕೊಡದಿದ್ದರೆ ಕಸಿಯಬೇಡಿ, ಕೈಗೆ ಕೆಲಸ ಕೊಡಿ. ಕಾಯಿ ತುರಿಯುವವರು, ಹಿಟ್ಟು ಕಲಸುವವರು ಮೊಬೈಲ್ ಹಿಡಿಯಲಾರರು.

ಅಭ್ಯಾಸ ತಪ್ಪಿಹೋದರೆ ತಪ್ಪಿದ ದಿನಗಳನ್ನು ಲೆಕ್ಕ ಹಾಕಬೇಡಿ, ಮರುದಿನ ಬಚ್ಚಲೊಲೆಯಿಂದ ಮತ್ತೆ ಶುರು ಮಾಡಿ. ಇದನ್ನು ಓದುತ್ತಿರುವುದು ಹಬ್ಬಗಳ ನಡುವೆ, ಆಟಿಗೆ ಇನ್ನೂ ಎಷ್ಟೋ ತಿಂಗಳು ಇದೆ ಎಂದಾದರೆ ನಾಲ್ಕನೆಯ ಹಂತದಿಂದ ಶುರು ಮಾಡಿ. ಮುಂದಿನ ವಾರ ಯಾರದ್ದಾದರೂ ಕರೆ ಬಂದೇ ಬರುತ್ತದೆ. ಎಷ್ಟು ಹೊತ್ತಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಫೋನಿನಲ್ಲೇ ಹೇಳಿಬಿಡಿ.